ಕಾಕಾ ಆರಿಸಿ ತಂದ ಸಣ್ಣ ಇಂಜಿನ್

ಮೊನ್ನೆ ಹಾವೇರಿಯ ನಮ್ಮ ಆಸ್ಪತ್ರೆಯ ಆವರಣಕ್ಕೆ ಹುಲ್ಲು ಕತ್ತರಿಸುವವನು ಬಂದಿದ್ದ. ಮಷೀನನ್ನು ಹೆಗಲಿಗೆ ತೂಗುಹಾಕಿಕೊಂಡು ಅದರ ಹಗ್ಗ ಎಳೆದ. ಅದು ಭರ್ರ್ ಎಂದು ಶುರುವಾಗಿ ನೀಲಿ ಹೊಗೆ ಬಿಟ್ಟಿತು. ಪೆಟ್ರೋಲಿನಲ್ಲಿ ಆಯಿಲ್ ಬೆರೆತು ಸುಟ್ಟ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಔಷಧಿಯ ಟ್ರೇ ಹಿಡಿದುಕೊಂಡು ವರಾಂಡದಲ್ಲೇ ನಿಂತುಬಿಟ್ಟೆ. "ಯಾಕ್ರಿ ಸಿಸ್ಟರ್, ತಲಿ ಸುತ್ತಾಕತ್ತೈತೇನ್ರಿ?" ಎಂದು ಆಯಾ ಕೇಳಿದಳು. ಏನಿಲ್ಲ, ನಿನ್ನ ಕೆಲಸ ನೋಡು ಹೋಗು ಎಂದು ಗದರಿದೆ. ಗದರುವುದು ನನ್ನ ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ. ಆದರೆ ಕಣ್ಣು ಮಾತ್ರ ನನ್ನ ಮಾತು ಕೇಳಲಿಲ್ಲ. ಆ ಹೊಗೆಯೊಳಗೆ ನಮ್ಮ ಕಾಕಾ ಇದ್ದರು...

ಕಾಕಾ ಎಂದರೆ ನನ್ನ ಅಪ್ಪನ ತಮ್ಮನಲ್ಲ. ಮೇಡ್ಲೇರಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದವರು. ತುಂಗಭದ್ರೆಯಲ್ಲಿ ದೋಣಿ ನಡೆಸುತ್ತಿದ್ದರು. ನನಗೆ ಆಗ ನರ್ಸ್ ಕೆಲಸ ಹೊಸದು. ಕೆಲಸವಿದ್ದದ್ದು ಹೊಳೆಯಾಚೆಯ ಹಳ್ಳಿಯಲ್ಲಿ. ಬಸ್ಸಿನಲ್ಲಿ ಸುತ್ತಿ ಹೋದರೆ ಅರ್ಧ ದಿನ ಅಲ್ಲೇ ಮುಗಿಯುತ್ತಿತ್ತು, ದೋಣಿಯಲ್ಲಿ ಹೋದರೆ ಒಂದು ಲೋಟ ಚಹಾ ಆರುವಷ್ಟು ಹೊತ್ತು ಸಾಕು. ಬೆಳಿಗ್ಗೆ ದಂಡೆಗೆ ಹೋಗುವಷ್ಟರಲ್ಲಿ ಕಾಕಾ ಕೂಗುತ್ತಿದ್ದರು: "ನರ್ಸ್‌ಬಾಯಾರ, ಲಗೂ ಬರ್ರಿ, ನಿಮ್ಮ ಸೂಜಿಗೆ ಅಂಜಿ ಹೊಳಿ ಓಡಿ ಹೋದೀತು!" ದೋಣಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಹಾಲಿನ ಕ್ಯಾನಿನವರು, ಸಂತೆಗೆ ಹೊರಟವರು, ಕಾಲೇಜಿನ ಹುಡುಗಿಯರು. ನಾನೂ ಸೊಟ್ಟ ಮುಖ ಮಾಡಿಕೊಂಡೇ ನಗುತ್ತಿದ್ದೆ.

ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ಕಾಕು ಬ್ಯಾಡಗಿಯವರು. ಮದುವೆಯಾಗಿ ಬರುವವರೆಗೂ ಹೊಳೆಯನ್ನೇ ಸರಿಯಾಗಿ ನೋಡಿದವರಲ್ಲ. ನೀರೆಂದರೆ ಎದೆ ನಡುಗುತ್ತಿತ್ತು. ಗಂಡ ಹೊಳೆಯಲ್ಲಿದ್ದಷ್ಟು ಹೊತ್ತೂ ಅವರು ಒಂದು ಕಣ್ಣು ದಂಡೆಯ ಮೇಲಿಟ್ಟೇ ರೊಟ್ಟಿ ಬಡಿಯುತ್ತಿದ್ದರು. ಮಕ್ಕಳಿರಲಿಲ್ಲ. ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು, ಆದರೆ ಒಬ್ಬರು ಉಣ್ಣದೆ ಇನ್ನೊಬ್ಬರು ಉಣ್ಣುತ್ತಿರಲಿಲ್ಲ. ಅಂಥ ಜೋಡಿಯನ್ನು ನಾನು ಮತ್ತೆ ನೋಡಿಲ್ಲ.

ದೋಣಿಯ ಹಿಂದಿನ ಹಲಗೆಗೆ ಒಂದು ದೊಡ್ಡ ಇಂಜಿನ್ ಸಿಕ್ಕಿಸಿದ್ದರು. ಹಗ್ಗ ಜಗ್ಗಿ ಎಳೆದರೆ ಶುರುವಾಗುವಂಥದ್ದು. ಒಂದು ಮಳೆಗಾಲದ ಸಂಜೆ, ದೋಣಿ ತುಂಬ ಜನ ಇದ್ದಾಗ, ಅದು ಹೊಳೆಯ ನಟ್ಟನಡುವೆ ನಿಂತುಹೋಯಿತು. ಕಾಕಾ ಎಳೆದರು, ಮತ್ತೆ ಎಳೆದರು, ಎಳೆಯುತ್ತಲೇ ಇದ್ದರು. ಆಮೇಲೆ ಎದೆ ಹಿಡಿದುಕೊಂಡು ಕುಳಿತುಬಿಟ್ಟರು. ಮಳೆಯ ತಂಪಿನಲ್ಲೂ ಮುಖದ ಮೇಲೆ ಬೆವರು ಧಾರಾಕಾರ ಇಳಿಯುತ್ತಿತ್ತು. ಪುಣ್ಯಕ್ಕೆ ಹಾಲಿನವರು ಹುಟ್ಟು, ಬಿದಿರುಗಳನ್ನು ಹಿಡಿದು ಹೇಗೋ ಒಂದು ಮರಳುದಿಬ್ಬಕ್ಕೆ ದೋಣಿ ಹತ್ತಿಸಿದರು. ನಾನು ನಾಡಿ ಹಿಡಿದು ನೋಡಿದೆ. ಅದು ತಪ್ಪಿ ತಪ್ಪಿ ಬಡಿಯುತ್ತಿದ್ದುದು ನನಗೇ ಅಂಜಿಕೆ ಹುಟ್ಟಿಸಿತು.

ಮರುದಿನ ಹಟ ಹಿಡಿದು ರಾಣೆಬೆನ್ನೂರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಹೃದಯ ದಣಿದಿದೆ, ಗುಳಿಗೆ ತಪ್ಪಿಸಬಾರದು, ಭಾರದ್ದನ್ನು ಜಗ್ಗಬಾರದು ಎಂದರು. ಕಾಕು ಮನೆಗೆ ಬಂದದ್ದೇ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇನ್ನೊಂದು ಇಂಜಿನ್ ತರೂತನಾ ಹೊಳಿಗಿ ಕಾಲಿಟ್ರ ನೋಡ್ರಿ! ನಾ ಬ್ಯಾಡಗಿ ಬಸ್ ಹತ್ತತೀನಿ." ಕಾಕಾ ಮೀಸೆಯಲ್ಲೇ ನಕ್ಕರು. ಆದರೆ ಮಾತು ಮೀರಲಿಲ್ಲ.

ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಜೊತೆಗೊಂದು ಇಂಜಿನ್ ತರಬೇಕು, ಸರಿ. ಎಂಥದ್ದು? ಊರಿನ ಕಟ್ಟೆಯ ಮೇಲೆ ಇದೊಂದು ದೊಡ್ಡ ಪಂಚಾಯ್ತಿಯೇ ಆಯಿತು. ಒಕ್ಕಲುತನದ ಊರು, ಎಲ್ಲರ ತಲೆಯಲ್ಲೂ ಎತ್ತೇ. ಜೋಡೆತ್ತು ಅಂದರೆ ಸಮ ಇರಬೇಕು, ಒಂದು ಎತ್ತರ ಒಂದು ಗಿಡ್ಡ ಇದ್ದರೆ ನೊಗ ಓರೆಯಾಗುತ್ತದೆ, ಅದಕ್ಕೆ ದೊಡ್ಡ ಇಂಜಿನ್ನಿಗೆ ಜೋಡಿ ಅಂಥದ್ದೇ ದೊಡ್ಡದು ತರಬೇಕು ಎಂದು ಹಿರಿಯರೆಲ್ಲ ತೀರ್ಪು ಕೊಟ್ಟರು. ಕಾಕಾಗೂ ಅದೇ ಖರೇ ಅನ್ನಿಸಿತು. ರಾಣೆಬೆನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬ ಮುಸಲ್ಮಾನ ಮಿಸ್ತ್ರಿ ಇದ್ದರು. ಕಡಲ ಕಡೆಯ ಮೀನುಗಾರರು ಮಾರಿದ ಹಳೆಯ ಇಂಜಿನ್‌ಗಳನ್ನು ತರಿಸಿ ಸರಿಮಾಡಿ ಇಡುತ್ತಿದ್ದರು. ಅವರು ಬೇಡ ಬೇಡ ಎಂದರೂ ಕೇಳದೆ, ಬಣ್ಣ ಸಹ ಒಂದೇ ಇದ್ದ ಹಳೆಯದರ ಅವಳಿಯಂಥ ಇಂಜಿನ್ನನ್ನು ಕಾಕಾ ಹಚ್ಚಿ ನೋಡಲೆಂದು ಟೆಂಪೋದಲ್ಲಿ ಹೇರಿಕೊಂಡು ಬಂದರು. ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹಳೆಯದರ ಪಕ್ಕದಲ್ಲಿ ಸಿಕ್ಕಿಸಿದರು.

ಎರಡರ ಭಾರಕ್ಕೆ ದೋಣಿಯ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ಹಿಂದಿನ ಹಲಗೆಯ ಮೇಲಿಂದ ನೀರು ಗುಳುಗುಳು ಒಳಗೆ ಬಂತು. ದಂಡೆಯ ಮೇಲೆ ನಿಂತಿದ್ದ ಕಾಕು ಬಾಯಿಗೆ ಸೆರಗು ಹಿಡಿದುಕೊಂಡು, "ಅಯ್ಯ ಶಿವನ, ದೋಣಿ ಚುಕ್ಕಿ ಎಣಸಾಕ ಹೊಂಟೈತಲ್ರಿ!" ಎಂದರು. ಊರಿಗೆ ಊರೇ ನಕ್ಕಿತು. ಕಾಕಾ ಒದ್ದೆ ಧೋತರ ಹಿಂಡುತ್ತಾ ತಾವೂ ನಕ್ಕರು.

ನನಗೆ ಮಾತ್ರ ಸಿಟ್ಟು ಬಂದಿತ್ತು. "ಅಲ್ರಿ ಕಾಕಾ, ಒಂದನ್ನ ಎಳಿಯೂದಕ್ಕ ನಿಮ್ಮ ಎದಿ ಹಿಡೀತು. ಅದು ಕೆಟ್ಟಾಗ ಇದನ್ನ ಎಳಿಯೋರು ಯಾರು? ಮತ್ತ ನೀವಽ ಅಲ್ಲೇನು?" ಎಂದು ಸಂತೆಯವರ ಮುಂದೆಯೇ ಅಂದುಬಿಟ್ಟೆ. ಕಾಕಾರ ನಗು ಅಲ್ಲೇ ನಿಂತಿತು. ಅವರು ಕಾಕುವಿನ ಕಡೆ ನೋಡಿದರು, ಬಹಳ ಹೊತ್ತು ನೋಡಿದರು...

ಆ ಭಾನುವಾರ ಕಾಕುವನ್ನೂ ನನ್ನನ್ನೂ ಕರೆದುಕೊಂಡು ಮತ್ತೆ ರಾಣೆಬೆನ್ನೂರಿಗೆ ಹೊರಟರು. ದೊಡ್ಡದನ್ನು ವಾಪಸ್ ಕೊಟ್ಟರು. ಮಿಸ್ತ್ರಿ ಮೂರ್ನಾಲ್ಕು ಇಂಜಿನ್‌ಗಳನ್ನು ಮರದ ಚೌಕಟ್ಟಿಗೆ ಸಿಕ್ಕಿಸಿ, ಕೆಳಗೆ ನೀರಿನ ಡ್ರಮ್ಮು ಇಟ್ಟರು. ಕಾಕಾ ಒಂದಕ್ಕೂ ಕೈ ಹಚ್ಚಲಿಲ್ಲ. ಕಾಕುವಿಗೆ, "ನೀ ಎಳಿ" ಎಂದರು.

ಕಾಕು ನಾಚಿಕೊಂಡು ನನ್ನ ಹಿಂದೆ ಸರಿದರು. ಮಿಸ್ತ್ರಿಗೂ ಗಲಿಬಿಲಿ. "ಭಾಭಿಗೆ ಯಾಕ ತ್ರಾಸ ಕೊಡ್ತೀರಿ? ನಾ ಚಾಲೂ ಮಾಡಿ ತೋರಸ್ತೀನಲ್ರಿ," ಎಂದರು. ಕಾಕಾ ತಲೆ ಅಲ್ಲಾಡಿಸಿದರು. "ಆಕಿ ಕೈಯಾಗ ಯಾವುದು ಚಾಲೂ ಆಕ್ಕೈತಿ, ಅದನ್ನ ಕೊಡ್ರಿ."

ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲನೆಯದನ್ನು ಎಳೆದರು. ಹಗ್ಗ ಅರ್ಧಕ್ಕೇ ಕಚ್ಚಿಕೊಂಡಿತು. ಎರಡನೆಯದು ಗುರ್ ಎಂದು ಸತ್ತಿತು. ಎಲ್ಲಕ್ಕಿಂತ ಸಣ್ಣದು ಮೂಲೆಯಲ್ಲಿತ್ತು. ಅದರ ಪೆಟ್ರೋಲ್ ಡಬ್ಬಿ ಅದರ ತಲೆಯ ಮೇಲೆಯೇ ಇತ್ತು. ಇದು ಚಲೋ, ದೊಡ್ಡದರ ಎಣ್ಣೆಯಲ್ಲಿ ಕಸ ಬಂದರೂ ಇದಕ್ಕೆ ತಟ್ಟುವುದಿಲ್ಲ ಎಂದರು ಮಿಸ್ತ್ರಿ. ಕಾಕು ಹಲ್ಲು ಕಚ್ಚಿ ಜಗ್ಗಿದರು. ಪಟಪಟ ಎಂದು ಶುರುವಾಗಿ ಡ್ರಮ್ಮಿನ ನೀರೆಲ್ಲ ಕಲಕಿ ನಮ್ಮ ಮೈಮೇಲೆ ಹಾರಿತು. ಕಾಕು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ಕಾಕಾ ಅವರನ್ನೇ ನೋಡುತ್ತಾ ನಿಂತಿದ್ದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಹೊಗೆಗೋ ಏನೋ, ಕಣ್ಣು ಒರೆಸಿಕೊಂಡರು.

"ಒಂದು ಮಾತು ಕೇಳ್ರಿ," ಎಂದರು ಮಿಸ್ತ್ರಿ. "ಇದು ಭಾಳ ನಿಧಾನ. ಹೊಳಿ ಸೆಳವಿದ್ದಾಗ ದಂಡಿ ಮುಟ್ಟಾಕ ದುಪ್ಪಟ್ಟು ಟೈಮ್ ಹಿಡೀತೈತಿ."

"ಹಿಡೀಲಿ ಬಿಡ್ರಿ. ಮುಟ್ಟಿದ್ರ ಸಾಕು," ಎಂದರು ಕಾಕಾ.

ಅವತ್ತಿನಿಂದ ಕಾಕು ದಿನಾ ದೋಣಿ ಹತ್ತಬೇಕಾಯಿತು. ಮೊದಮೊದಲು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ವಾರಕ್ಕೊಮ್ಮೆ ಕಾಕಾ ಹೊಳೆಯ ನಡುವೆ ದೊಡ್ಡದನ್ನು ಬೇಕೆಂದೇ ನಿಲ್ಲಿಸಿ, ಸಣ್ಣದನ್ನು ಕಾಕುವಿನ ಕೈಯಿಂದಲೇ ಶುರು ಮಾಡಿಸಿ, ದಂಡೆಯವರೆಗೆ ಅವರೇ ನಡೆಸುವಂತೆ ಮಾಡುತ್ತಿದ್ದರು. ಕಟ್ಟಿ ಹಾಕಿ ಮೇಯಿಸಿದ ಎತ್ತು ಹೊತ್ತಿಗೆ ಬರುವುದಿಲ್ಲ ಎನ್ನುತ್ತಿದ್ದರು. ಬರುಬರುತ್ತಾ ಕಾಕುವಿನ ಅಂಜಿಕೆ ಬಿಟ್ಟಿತು. ಹಿಡಿಕೆ ಕೈಗೆ ಬಂದರೆ ಗಂಡನಿಗೇ ಹುಕುಂ ಮಾಡುತ್ತಿದ್ದರು. ಆ ದಿನಗಳೆಷ್ಟು ಚೆನ್ನಾಗಿದ್ದವು! ನಾನು ನಡುವೆ ಕುಳಿತು ಅವರ ಜಗಳ ಕೇಳುತ್ತಾ ಆಚೆ ದಂಡೆ ಇನ್ನೂ ದೂರ ಇರಬಾರದಿತ್ತೇ ಅಂದುಕೊಳ್ಳುತ್ತಿದ್ದೆ.

ಮರುವರ್ಷ ಹೊಳೆ ತುಂಬಿತ್ತು. ಮಧ್ಯಾಹ್ನದ ದೋಣಿ. ಎಲ್ಲಿಂದಲೋ ತೇಲಿಬಂದ ಬಳ್ಳಿಯ ರಾಶಿ ದೊಡ್ಡ ಇಂಜಿನ್ನಿನ ನೀರೊಳಗಿನ ಪಂಖಕ್ಕೆ ಸುತ್ತಿಕೊಂಡು ಅದು ನಿಂತಿತು. ಕಾಕಾ ಬಗ್ಗಿ ಬಳ್ಳಿ ಬಿಡಿಸಿದರು. "ಸಣ್ಣದು ಹಚ್ರಿ," ಎಂದು ಕಾಕು ಕೂಗಿದರು, ನಾನೂ ಕೂಗಿದೆ. "ಒಂದಽ ಸಲ," ಎಂದು ಕಾಕಾ ದೊಡ್ಡದರ ಹಗ್ಗ ಜಗ್ಗಿದರು. ಹಳೆಯ ಚಟ. ಅಷ್ಟೇ... ಹಗ್ಗ ಕೈಯಿಂದ ಜಾರಿತು, ಅವರೂ ಜಾರಿ ನನ್ನ ಕಾಲ ಹತ್ತಿರ ಬಿದ್ದರು.

ದೋಣಿ ತಿರುಗಿ ಸೆಳವಿನಲ್ಲಿ ಹೋಗತೊಡಗಿತು. ಹೆಂಗಸರು ಚೀರಿದರು. ಕಾಕು ಗಂಡನ ಹತ್ತಿರ ಓಡಿಬಂದರು. ಕಾಕಾಗೆ ಇನ್ನೂ ಎಚ್ಚರವಿತ್ತು. ಉಸಿರು ಎಳೆಯುತ್ತಾ, "ದಂಡಿ ನೋಡು... ನನ್ನ ನೋಡಬ್ಯಾಡ," ಎಂದರು.

ಕಾಕು ಎದ್ದರು. ಸಣ್ಣದರ ಹಗ್ಗ ಎಳೆದರು. ಅದು ಶುರುವಾಯಿತು. ಹಿಡಿಕೆ ಹಿಡಿದು ಕುಳಿತ ಆ ಹೆಣ್ಣುಮಗಳು ಒಮ್ಮೆಯೂ ಕೆಳಗೆ ನೋಡಲಿಲ್ಲ. ನಾನು ಕಾಕಾರ ಎದೆ ನೀವುತ್ತಿದ್ದೆ, ಕಾಕು ದಂಡೆ ನೋಡುತ್ತಿದ್ದರು. ದೇವರೇ, ಎಷ್ಟು ನಿಧಾನ ಇತ್ತು ಅದು! ದಂಡೆಯ ಬೇವಿನಮರ ಇದ್ದಲ್ಲೇ ಇತ್ತು. ಇಷ್ಟು ಒದ್ದಾಡುವ ಇಂಜಿನ್ನನ್ನು ಯಾಕೆ ತಂದಿರಿ ಕಾಕಾ ಎಂದು ಮನಸ್ಸಿನಲ್ಲೇ ಬೈದೆ, ಅತ್ತೆ. ಕೊನೆಗೂ ದಂಡೆ ಮುಟ್ಟಿ, ದೋಣಿಯಲ್ಲಿದ್ದ ಎಲ್ಲರೂ ಕೂದಲೂ ಕೊಂಕದೆ ಇಳಿದರು. ಕಾಕಾರನ್ನು ಮಾತ್ರ ಎತ್ತಿ ಇಳಿಸಬೇಕಾಯಿತು. ರಾಣೆಬೆನ್ನೂರಿಗೆ ಹೊರಟ ಜೀಪು ಅರ್ಧ ದಾರಿಯಲ್ಲಿದ್ದಾಗ ನನ್ನ ಕೈಯಲ್ಲಿದ್ದ ನಾಡಿ ನಿಂತಿತು.

ಆಮೇಲೆ ನನಗೆ ಹಾವೇರಿಗೆ ವರ್ಗವಾಯಿತು. ಕಾಕು ದೋಣಿಯನ್ನು ಭಾವನ ಮಕ್ಕಳಿಗೆ ಬಿಟ್ಟು ಬ್ಯಾಡಗಿಯ ತಂಗಿಯ ಮನೆ ಸೇರಿದರು. ಹುಲ್ಲಿನ ಮಷೀನು ಬಂದು ಹೋದ ಮರುದಿನ ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ ಅವರನ್ನು ನೋಡಲು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಚಹಾ ಕೊಟ್ಟು ಪಕ್ಕದಲ್ಲಿ ಕುಳಿತು, ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದರು.

"ಖರೇ ಹೇಳವ್ವ. ಅಂಗಡ್ಯಾಗ ಅವತ್ತು ನನ್ನ ಕೈಲೆ ಅದು ಚಾಲೂ ಆಗಿರಲಿಲ್ಲಂದ್ರ ಅವರು ಜೋರಿನದ ತರ್ತಿದ್ರು. ಲಗೂ ದಂಡಿ ಮುಟ್ತಿದ್ವಿ. ಉಳೀತಿದ್ರು, ಹೌದಲ್ಲೊ?"

ನನಗೆ ಎಂದಿನಂತೆ ಗದರುವ ದನಿಯೇ ಬಂತು. "ಜೋರಿನದನ್ನ ಎಳಿಯೋರು ಯಾರಿದ್ರು ಕಾಕು? ಅವರ ಜೋಡಿ ನಾವೆಲ್ಲಾರೂ ಹೊಳಿ ಪಾಲಾಗ್ತಿದ್ವಿ. ನೀವೂ ಹೋಗ್ತಿದ್ರಿ."

ಕಾಕು ನನ್ನ ಮುಖ ನೋಡಿದರು. "ಹೂಂ ಮತ್ತ," ಎಂದರು ಮೆಲ್ಲಗೆ. "ನಾನೂ ಹೋಗ್ತಿದ್ನಲ್ಲವ್ವಾ, ಅವರ ಜೋಡಿ."

ಕಾಕು ಹೋಗಬಾರದು ಎಂದೇ ಕಾಕಾ ಆ ನಿಧಾನದ ಇಂಜಿನ್ನನ್ನು ಆರಿಸಿದ್ದು. ಅದನ್ನು ಹೇಳಲು ಹೊರಟವಳು ಕಾಕುವಿನ ಕೈ ಹಿಡಿದುಕೊಂಡೆ.