ಕೋಣಕ್ಕಿಂತ ಸಣ್ಣ ಧಣಿಗಳು

ತೋಡಾರಿನ ಹೋಟೆಲೊಂದರ ಗೋಡೆಯಲ್ಲಿ ನಾನು ಕಂಬಳದ ಚಿತ್ರ ಬರೆಯುತ್ತಿದ್ದೆ. ಎದುರಿಗೆ, ನೋಡುವವರ ಮೈಮೇಲೇ ಬರುವ ಹಾಗೆ ಕೆಸರು ಹಾರಿಸುತ್ತ ಓಡುವ ಎರಡು ಕೋಣಗಳು. ದೂರದ ವೇದಿಕೆಯಲ್ಲಿ ಅವುಗಳ ಧಣಿಗಳು. ಹೋಟೆಲೂ ಅವರದ್ದೇ. ಅವರು ಬಂದು, ಕನ್ನಡಕ ಏರಿಸಿ, ಗೋಡೆಯಲ್ಲಿ ತಮ್ಮನ್ನು ಹುಡುಕಿದರು.

“ಎಂತ ಮಾರಾಯ್ರೆ, ನಾನು ಕೋಣದ ಕಿವಿಯಷ್ಟೂ ಇಲ್ಲವಲ್ಲ?”

“ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು, ಧಣಿ. ಐನೂರು-ಆರುನೂರು ವರ್ಷದ ಹಿಂದೆ ಇಟಲಿಯ ಚಿತ್ರಗಾರರು ಅಳತೆ ಹಿಡಿದು ಕಂಡುಕೊಂಡದ್ದು. ಅದಕ್ಕೆ ಮೊದಲು ಅವರೂ ದೊಡ್ಡ ಮನುಷ್ಯರನ್ನು ದೊಡ್ಡದಾಗಿಯೇ ಬರೆಯುತ್ತಿದ್ದರು. ಆಮೇಲೆ ಎಲ್ಲ ಕಣ್ಣಿಗೆ ಕಂಡ ಹಾಗೆ. ರಾಜನಾದರೂ ಅಷ್ಟೆ.”

“ರಾಜ ಸುಮ್ಮನೆ ಬಿಟ್ಟನಾ?”

ಅದು ನನಗೆ ಗೊತ್ತಿರಲಿಲ್ಲ. “ಎದುರಿಗೆ ಬಂದು ನಿಂತಿರಬೇಕು” ಎಂದುಬಿಟ್ಟೆ.

“ಹಾಗಾದರೆ ನನ್ನನ್ನೂ ಎದುರಿಗೆ ನಿಲ್ಲಿಸುವ. ನಿಮ್ಮ ಇಟಲಿಯವರಿಗೂ ಬೇಸರ ಆಗುವುದು ಬೇಡ.”

ಹಾಗೇ ಬರೆದೆ. ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿಕೊಂಡು, ಓಡಿ ಬರುವ ಕೋಣಗಳಿಗೆ ಬೆನ್ನು ಹಾಕಿ ಧಣಿಗಳು ನಗುತ್ತ ನಿಂತಿದ್ದಾರೆ. ಅವರಿಗೆ ಬಹಳ ಖುಷಿಯಾಯಿತು.

ಈಗ ಊಟಕ್ಕೆ ಬಂದವರು ಒಮ್ಮೆ ಗೋಡೆ ನೋಡುತ್ತಾರೆ, ಒಮ್ಮೆ ಗಲ್ಲಾದಲ್ಲಿ ಕೂತ ಧಣಿಗಳನ್ನು ನೋಡುತ್ತಾರೆ. ಆಮೇಲೆ ಕೂಗುತ್ತಾರೆ: “ಧಣಿ, ಓಡಿ!”