ಮೊಬೈಲ್ ಹಿಡಿಯಲು ಒಂದು ಕೈ

ಮೊಬೈಲ್ ಕ್ಯಾಮೆರಾ ಇದ್ದರೆ ಭೂತಗನ್ನಡಿ ಬೇಡ, ಒಂಟಿಯಾಗಿರುವವರಿಗಂತೂ ಅದೇ ದೊಡ್ಡ ಆಸರೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆನ್ನುವವರ ಬೆರಳಿಗೆ ಎಂದೂ ಸಿಬಿರು ಚುಚ್ಚಿರಲಿಕ್ಕಿಲ್ಲ.

ಕಳೆದ ಭಾನುವಾರ ರಾಮಮೂರ್ತಿ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಮಂಚ ಸರಿಸುವಾಗ ಎಡಗೈ ಬೆರಳಿಗೆ ಮರದ ಸಿಬಿರು ಹೊಕ್ಕಿತು. ಕ್ಯಾಮೆರಾ ಜೂಮ್ ಮಾಡಿದರೆ ಕೂದಲಿನಂಥದ್ದು ಒನಕೆಯಂತೆ ಕಂಡಿತು, ನಿಜ. ಆದರೆ ಒಂದು ಕೈಯಲ್ಲಿ ಸಿಬಿರು, ಇನ್ನೊಂದರಲ್ಲಿ ಸೂಜಿ. ಮೊಬೈಲ್ ಹಿಡಿಯುವವರು ಯಾರು? ಪುಸ್ತಕಗಳಿಗೆ ಒರಗಿಸಿದೆ, ಜಾರಿ ಬಿತ್ತು. ಕೊನೆಗೆ, ಎರಡು ವರ್ಷದಿಂದ ನಾನು ಒಂದು ಮಾತೂ ಆಡಿಸದಿದ್ದ ಎದುರು ಮನೆಯವರ ಬಾಗಿಲು ತಟ್ಟಿದೆ.

ಅಲ್ಲಿ ಒಬ್ಬರೇ ಇರುವ ಬಡಗಿ ರಫೀಕ್ ಭಾಯ್ ನನ್ನ ಬೆರಳಿನ ಮೇಲೆ ಮೊಬೈಲನ್ನು ಅಲುಗದಂತೆ ಹಿಡಿದರು. ಸ್ವಲ್ಪ ಮೇಲೆ, ಸ್ವಲ್ಪ ಈಚೆ ಎಂದು ನಾನು ತಕರಾರು ಮಾಡುತ್ತಲೇ ಇದ್ದೆ.

“ವಾದ ಆಮೇಲೆ ಮಾಡಿ ಸಾರ್, ಮೊದ್ಲು ಮುಳ್ಳು ತೆಗೀರಿ.”

ಸಿಬಿರು ಬಂತು. ಅವರು ಮೊಬೈಲ್ ವಾಪಸ್ ಕೊಡುವಾಗ ಕ್ಯಾಮೆರಾ ಇನ್ನೂ ತೆರೆದೇ ಇತ್ತು. ಅದರ ಕೆಳಗೆ ಬಂದ ಅವರ ಇನ್ನೊಂದು ಅಂಗೈ ಪರದೆಯ ತುಂಬ ಕಂಡಿತು. ಚರ್ಮದೊಳಗೆ ಅಲ್ಲಲ್ಲಿ ಕಪ್ಪು ಗೆರೆಗಳು, ಯಾರೂ ತೆಗೆಯದೆ ಉಳಿದ ಸಿಬಿರುಗಳು.

ವಾದ ಬಿಟ್ಟು ನಾನು ಕೇಳಿದ್ದು ಇಷ್ಟೇ: “ನಿಮಗೆ ಚುಚ್ಚಿದಾಗ ಮೊಬೈಲ್ ಯಾರು ಹಿಡ್ಕೋತಾರೆ ಭಾಯ್?”