ಬಳೆಯಕ್ಕನ ಎಡಗೈ

ಬಳೆಯಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗುಳಿಯಿತ್ತು. ನಮ್ಮ ನಿಮ್ಮ ಕೈಯಲ್ಲಿ ಅಲ್ಲಿ ಮಾಂಸ ಉಬ್ಬಿರುತ್ತದೆ. ಅವಳದು ಒಳಗೆ ಕುಸಿದು, ಒಂದು ಅಡಿಕೆ ಇಟ್ಟರೆ ಉರುಳದೆ ಕೂರುವಷ್ಟು ಆಳವಾಗಿತ್ತು. ಮಾತಿನ ನಡುವೆ ಆ ಕೈಯನ್ನು ನೀರು ಕೊಡವಿದ ಹಾಗೆ ಒದರುತ್ತಿದ್ದಳು. ಕಡೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವಳ ಬಳೆ ಅಂಗಡಿ, ಎದುರಿಗೇ ನನ್ನ ತವರುಮನೆ. ಅಮ್ಮನಿಗೂ ಅವಳು ಅಕ್ಕ, ನನಗೂ ಅಕ್ಕ. "ಯಾಕಕ್ಕಾ ಕೈ ಒದರ್ತೀಯಾ?" ಎಂದರೆ, "ಜೋಮು ಕಣೇ. ಇರುವೆ ಹರ್ದಂಗಾಗ್ತೈತೆ. ವಾಯು ಇರ್ಬೇಕು, ಬಿಡು" ಎನ್ನುತ್ತಿದ್ದಳು.

ಬಳೆ ತೊಡಿಸುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ. ಸೋಪು ಹಚ್ಚಿ ತೊಡಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹೆಂಗಸಿನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಗೆಣ್ಣುಗಳನ್ನು ಮೆಲ್ಲಗೆ ಅದುಮಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬಳೆಯನ್ನು ಗೆಣ್ಣಿನವರೆಗೆ ತಂದು ನಿಲ್ಲಿಸುವಳು. ಆಮೇಲೆ ಏನಾದರೊಂದು ಕುಚೋದ್ಯ. ಅತ್ತೆಯನ್ನು ಆಡಿಕೊಳ್ಳುವಳು, ಇಲ್ಲವೇ ಪಕ್ಕದಲ್ಲೇ ಕೂತ ತನ್ನ ಗಂಡನನ್ನು ಆಡಿಕೊಳ್ಳುವಳು. ಹೆಂಗಸು ನಕ್ಕ ಗಳಿಗೆಗೆ ಬಳೆ ಒಳಗೆ ಹೋಗಿಯೇಬಿಟ್ಟಿರುತ್ತಿತ್ತು. "ಕೈ ಬಿಗಿಯಾಗಿರಲ್ಲ ಕಣೇ, ಹೆದ್ರಿಕೆಗೆ ಬಿಗಿ ಮಾಡ್ಕೊಂಡಿರ್ತಾರೆ. ನಗಿಸ್ಬುಟ್ರೆ ಎಂಥಾ ಕೈಗೂ ಬಳೆ ಹತ್ತುತ್ತೆ" ಎನ್ನುತ್ತಿದ್ದಳು.

ನನ್ನ ಮದುವೆಯ ಬಳೆ ಶಾಸ್ತ್ರ ತರೀಕೆರೆಯಲ್ಲಿ, ಸೋದರಮಾವನ ಮನೆಯಲ್ಲಿ ನಡೆಯಿತು. ಅಜ್ಜಂಪುರದಿಂದ ಗಂಡಿನ ಕಡೆಯ ಹೆಂಗಸರೂ ಬಂದಿದ್ದರು. ಮೊದಲ ಬಳೆ ಮದುಮಗಳಿಗೆ. ಬಳೆಯಕ್ಕ ಹಸಿರು ಬಳೆ ತೆಗೆದು ನನ್ನ ಗೆಣ್ಣಿಗೆ ತಂದು, ಏನೋ ಹೇಳಿ ನಗಿಸಿದಳು. ನಾನು ನಕ್ಕೆ, ಬಳೆ ಚಟ್ಟನೆ ಒಡೆಯಿತು. ಇನ್ನೊಂದು ತೆಗೆದಳು. ಅದೂ ಒಡೆದು, ಚೂರು ಚುಚ್ಚಿ ನನ್ನ ಕೈಯಲ್ಲಿ ರಕ್ತ ಬಂತು. ಗಂಡಿನ ಕಡೆಯ ದೊಡ್ಡಮ್ಮ ಒಬ್ಬರು, ನನಗೆ ಕೇಳಲೆಂದೇ, "ಹೆಣ್ಣಿನ ಕಾಲ್ಗುಣ ಈಗ್ಲೇ ಗೊತ್ತಾಯ್ತಲ್ಲ ಬಿಡಿ" ಎಂದರು. ಅಮ್ಮನ ಮುಖ ಬಿಳಿಚಿಕೊಂಡಿತು. ನನಗೋ, ಎದ್ದು ಆಯಮ್ಮನ ನೀರಿಳಿಸಬೇಕು ಎನ್ನುವಷ್ಟು ಸಿಟ್ಟು. ಆದರೆ ಮದುಮಗಳು ಬಾಯಿ ಬಿಡುವ ಹಾಗಿದೆಯೇ?

ಬಾಯಿ ಬಿಟ್ಟವಳು ಬಳೆಯಕ್ಕ.

"ಅಮ್ಮಾರೇ, ಹುಡ್ಗಿ ಮೇಲೆ ಹಾಕ್ಬ್ಯಾಡಿ. ತಪ್ಪು ನನ್ ಕೈದು. ಈ ಬೆರಳುಗಳಿಗೆ ಏನೂ ಗೊತ್ತಾಗ್ತಿಲ್ಲ. ಬಳೆ ಹಿಡ್ದಿದ್ದೀನೋ ಗಾಳಿ ಹಿಡ್ದಿದ್ದೀನೋ ತಿಳೀದು. ಮುಚ್ಚಿಟ್ಕೊಂಡು ಬಂದೆ. ನೋಡ್ಕಳಿ!" ಎಂದವಳೇ ಆ ಒಡೆದ ಚೂರನ್ನು ಎತ್ತಿ, ಎಲ್ಲರ ಎದುರು ತನ್ನ ತೋರುಬೆರಳಿಗೆ ಚುಚ್ಚಿಕೊಂಡಳು. ಅವಳ ರೆಪ್ಪೆ ಕೂಡ ಅಲುಗಲಿಲ್ಲ.

ದೊಡ್ಡಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹಿಂದೆ ಸರಿದು ಕೂತರು. ಉಳಿದ ಬಳೆಗಳನ್ನು ಅಮ್ಮನೇ ತೊಡಿಸಿದಳು. ಆದರೆ ಬಳೆ ತೊಡಿಸುವವಳು ತುಂಬಿದ ಮದುವೆಮನೆಯಲ್ಲಿ ತನ್ನ ಕೈ ಸತ್ತಿದೆ ಎಂದು ಸಾರಿಕೊಂಡರೆ ಮತ್ತೆ ಯಾರು ಕರೆಯುತ್ತಾರೆ? ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನನ್ನ ಮೇಲೆ ಬೀಳಬೇಕಿದ್ದ ಮಾತನ್ನು ತನ್ನ ಕಸುಬಿನ ಮೇಲೆ ಹಾಕಿಕೊಂಡಳು. ಸುದ್ದಿ ಕಡೂರು ಮುಟ್ಟಿತು. ಆಮೇಲೆ ಶುಭಕಾರ್ಯಕ್ಕೆ ಅವಳನ್ನು ಕರೆಯುವುದನ್ನೇ ಜನ ಬಿಟ್ಟರು.

ಅವಳು ಅಳುತ್ತ ಕೂರುವ ಪೈಕಿ ಅಲ್ಲ. ಸೀದಾ ಡಾಕ್ಟರ ಹತ್ತಿರ ಹೋದಳು. ವಾಯುವಲ್ಲ, ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ ಎಂದರು ಅವರು. ಮಲಗುವಾಗ ಮಣಿಕಟ್ಟು ಮಡಚದಂತೆ ಪಟ್ಟಿ ಹಾಕಿಕೊಳ್ಳಬೇಕು, ಬಿಗಿ ಬಳೆ ಕೂಡದು ಎಂದರು. ಇಷ್ಟು ಕಾಲ ಅವಳು ಮಾಡಿಕೊಂಡು ಬಂದಿದ್ದೇನು ಗೊತ್ತೇ? ಹರಳೆಲೆ ಬಿಸಿ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಅದು ಜಾರದಿರಲೆಂದು ಮೇಲೆ ಸಾಲಾಗಿ ಬಳೆ ಏರಿಸಿ ಮಲಗುತ್ತಿದ್ದಳು! ಬಳೆಗಾರ್ತಿಯ ಬುದ್ಧಿ ಬಳೆಗೇ ಹೋಗಿತ್ತು.

ಮರುದಿನವೇ ಬಲಗೈ ಬರಿದು ಮಾಡಿದಳು. ಮುತ್ತೈದೆಯ ಕೈ ಬರಿದಾದರೆ ಓಣಿ ಸುಮ್ಮನಿರುತ್ತದೆಯೇ? ಕೇಳಿದವರಿಗೆಲ್ಲ ಎಡಗೈ ಎತ್ತಿ ಗಲಗಲ ಅನ್ನಿಸಿ, "ಆ ಕೈದನ್ನೂ ಇದಕ್ಕೇ ಹಾಕ್ಕಂಡಿದ್ದೀನಿ ಕಣ್ರೀ. ನನ್ ಗಂಡನ ಆಯುಸ್ಸು ಯಾವ್ ಕೈಲಿದ್ರೇನು?" ಎನ್ನುತ್ತಿದ್ದಳು. ಪಟ್ಟಿಯಿಂದ ಅಷ್ಟಾಗಿ ಗುಣ ಕಾಣದೆ ಆಪರೇಷನ್ನೂ ಆಯಿತು. ಜೋಮು ಇಳಿಯಬಹುದು, ಹೋದ ಸ್ಪರ್ಶ ಪೂರ್ತಿ ಮರಳುತ್ತದೆಂದು ಹೇಳಲಾರೆ ಎಂದರಂತೆ ಡಾಕ್ಟರು. "ಬರ್ದಿದ್ರೆ ಎಡಗೈ ಐತಲ್ಲ" ಎಂದಳಂತೆ ಇವಳು. ಆಮೇಲೆ ಜೋಮು ಇಳಿಯಿತು, ಉರಿ ಹೋಯಿತು. ಗುಳಿ ಮಾತ್ರ ಹಾಗೇ ಉಳಿಯಿತು, ಬೆರಳಿನ ತುದಿಗಳು ಅರೆಮಂಪರಿನಲ್ಲೇ ಇದ್ದವು.

ಸರಿ, ಎಡಗೈಗೆ ಕಸುಬು ಕಲಿಸಲು ಕೂತಳು. ಯಾರ ಕೈ ಮೇಲೆ? ಭಾವನ ಕೈ ಮೇಲೆ! ಅವಳ ಗಂಡ ಲಾರಿ ಓಡಿಸಿ ಓಡಿಸಿ ಕೈ ಗಡುಸು ಮಾಡಿಕೊಂಡಿದ್ದ ಮನುಷ್ಯ, ಮೀಸೆ ಬೇರೆ. ಅಂಗಡಿಯ ಅತಿ ದೊಡ್ಡ ಬಳೆಗಳನ್ನು ಅವರ ರೋಮದ ಕೈಗೆ ತೊಡಿಸುವುದು, ಒಡೆಯುವುದು, ಮತ್ತೆ ತೊಡಿಸುವುದು. ನಾನು ತವರಿಗೆ ಹೋದಾಗ ಕಣ್ಣಾರೆ ಕಂಡೆ. ಹಾದಿಯಲ್ಲಿ ಹೋಗುವವರು, "ಏನಣ್ಣಾ, ಸೀಮಂತಾನಾ?" ಎಂದರೆ, "ಏಳನೇ ತಿಂಗ್ಳು ಕಣಪ್ಪಾ, ಊಟಕ್ಕೆ ಬಂದ್ಬುಡು" ಎನ್ನುತ್ತಿದ್ದರು ಭಾವ, ಮುಖ ಒಂಚೂರೂ ಸಡಿಲಿಸದೆ.

"ನಗ್ರೀ, ಕೈ ಸಡ್ಲ ಬಿಡಿ!" ಎಂದು ಬಳೆಯಕ್ಕ ಗದರಿಸುವಳು.

"ನೀನಿಂಗೆ ಗದರ್ಸಿದ್ರೆ ನಗು ಎಲ್ಲಿಂದ ತರ್ಲೇ?"

ನನ್ನ ಸೀಮಂತಕ್ಕೆ ಅಜ್ಜಂಪುರದಲ್ಲಿ ಅತ್ತೆ ಬೇರೆ ಬಳೆಗಾರರನ್ನು ಗೊತ್ತು ಮಾಡಲು ಹೊರಟರು. ಬಳೆಯಕ್ಕ ಬಾರದಿದ್ದರೆ ನಾನು ಕೈ ಚಾಚುವುದೇ ಇಲ್ಲ ಎಂದು ಹಟ ಹಿಡಿದೆ. ಬಸುರಿಯ ಬಯಕೆ, ಯಾರು ಎದುರಾಡುತ್ತಾರೆ? ಅವಳು ಬಂದಳು. ಎದುರಿಗೆ ಅದೇ ದೊಡ್ಡಮ್ಮ ಕಣ್ಣು ಕೀಲಿಸಿ ಕೂತಿದ್ದರು. ಬಳೆಯಕ್ಕ ಬಲಗೈಯಿಂದ ನನ್ನ ಮುಂಗೈ ಆನಿಸಿ ಹಿಡಿದು, ಎಡಗೈಯಲ್ಲಿ ಬಳೆ ತೆಗೆದಳು. ನನ್ನ ಕೈ ಬೇರೆ ಊದಿಕೊಂಡಿತ್ತು. ಗೆಣ್ಣು ಅದುಮಿದವಳೇ, "ನಿಂಗೂ ಜೋಮೇನೇ?" ಎಂದಳು. ಹೂಂ ಎಂದೆ. "ನಾಳೆನೇ ಡಾಕ್ಟ್ರಿಗೆ ತೋರ್ಸು. ಹರಳೆಲೆ ಗಿರಳೆಲೆ ಅಂತ ಕೂತ್ಯೋ, ಬಸುರಿ ಅಂತ್ಲೂ ನೋಡಲ್ಲ, ಒದ್ದುಬಿಡ್ತೀನಿ!" ನಾನು ನಕ್ಕುಬಿಟ್ಟೆ. ಬಳೆ ಒಳಗಿತ್ತು. ಎರಡು ಕೈ ತುಂಬುವವರೆಗೂ ಒಂದು ಬಳೆಯೂ ಒಡೆಯಲಿಲ್ಲ. ಆಮೇಲೆ ದೊಡ್ಡಮ್ಮ ತಾವಾಗಿಯೇ ಜರುಗಿ ಬಂದು, "ನಂಗೂ ಎರಡು ಹಾಕಮ್ಮ" ಎಂದು ಕೈ ಚಾಚಿದರು. ಬಳೆಯಕ್ಕ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು.

ಹೆರಿಗೆಯಾದ ಮೇಲೆ ನನ್ನ ಜೋಮು ಹೋಯಿತು. ಅವಳ ಋಣ ಮಾತ್ರ ತೀರಲಿಲ್ಲ, ತೀರುವಂಥದ್ದೂ ಅಲ್ಲ.

ಹೋದ ವರ್ಷ ಬಳೆಯಕ್ಕ ತೀರಿಕೊಂಡಳು. ಮುತ್ತೈದೆ ಸಾವು, ಹಸಿರು ಬಳೆ ತೊಡಿಸಿ ಕಳಿಸಬೇಕು. ನಾನು ತೊಡಿಸುತ್ತೇನೆಂದು ಕೂತು ಆ ಗುಳಿಬಿದ್ದ ಬಲಗೈ ಎತ್ತಿಕೊಂಡೆ. ಮೂಲೆಯಲ್ಲಿದ್ದ ಭಾವ ಎದ್ದು ಬಂದರು.

"ಆ ಕೈಗೆ ಬ್ಯಾಡವ್ವಾ, ನೋವಾಗ್ತೈತೆ. ಎಲ್ಲಾ ಎಡಗೈಗೇ ಇರ್ಲಿ. ಕೊಡಿಲ್ಲಿ."

ಅವಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡರು. ಗೆಣ್ಣು ಅದುಮಿದರು, ಹೆಬ್ಬೆರಳು ಮಡಚಿದರು. ಕೈ ಸೆಟೆದಿತ್ತು, ಬಳೆ ಗೆಣ್ಣಿನಲ್ಲಿ ನಿಂತಿತು. ಭಾವ ಅವಳ ಕಿವಿಯ ಹತ್ತಿರ ಬಾಗಿದರು.

"ನಗೇ. ಕೈ ಸಡ್ಲ ಬಿಡು."

ನಾವೆಲ್ಲ ಅಳುತ್ತಿದ್ದೆವು. ಅವರು ಒಂದೊಂದಾಗಿ ಅಷ್ಟೂ ಬಳೆ ತೊಡಿಸಿದರು. ಒಂದೂ ಒಡೆಯಲಿಲ್ಲ.